9/11 ಮ್ಯೂಸಿಯಂಗೆ ಮಕ್ಕಳ ಜೊತೆ ಹೋಗ್ತೀರಾ? ವರ್ಕ್‌ಶೀಟ್ ಬ್ಯಾಗಿನಲ್ಲೇ ಇರಲಿ

ಮಗಳ ಏಳನೇ ಕ್ಲಾಸಿನ ಟ್ರಿಪ್‌ಗೆ ವಾಲಂಟಿಯರ್ ಆಗಿ ನ್ಯೂಯಾರ್ಕಿನ 9/11 ಮೆಮೋರಿಯಲ್ ಮತ್ತು ಮ್ಯೂಸಿಯಂ ನೋಡಿ ಬಂದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದಾ ಅಂತ ಗೆಳತಿಯರು ಕೇಳ್ತಾನೇ ಇರುತ್ತಾರೆ. ಧಾರಾಳವಾಗಿ ಹೋಗಿ. ಆದರೆ ಅವಸರ ಬೇಡ.

ನನ್ನ ಜೊತೆ ಆರು ಮಕ್ಕಳಿದ್ದರು. 2001ರಲ್ಲಿ ಇವರು ಯಾರೂ ಹುಟ್ಟೇ ಇರಲಿಲ್ಲ. ಮೊದಲ ವಿಮಾನ ವರ್ಲ್ಡ್ ಟ್ರೇಡ್ ಸೆಂಟರ್‌ನ ಅವಳಿ ಕಟ್ಟಡಕ್ಕೆ ಬಡಿದಾಗ ಇಲ್ಲಿ ಬೆಳಿಗ್ಗೆ 8:46, ಇಂಡಿಯಾದಲ್ಲಿ ಸಂಜೆ 6:16. ಆ ಸಂಜೆ ಟಿವಿ ಮುಂದೆ ಕೂತವಳು ನಾನು. ಇವರಿಗೋ ಅದು ಪರೀಕ್ಷೆಗೆ ಓದುವ ಪಾಠ.

ಶಾಲೆಯವರು ಒಂದು ವರ್ಕ್‌ಶೀಟ್ ಬೇರೆ ಕೊಟ್ಟಿದ್ದರು. ಇಪ್ಪತ್ತು ಪ್ರಶ್ನೆ! ಅವಶೇಷಗಳ ರಾಶಿಯಿಂದ ಕೊನೆಗೆ ತೆಗೆದ ಉಕ್ಕಿನ ಕಂಬ ಒಳಗಿದೆ. ಅದರ ಮೈ ತುಂಬಾ ರಕ್ಷಣಾ ಕೆಲಸದವರು ತಮ್ಮ ಜೊತೆಗಾರರಿಗಾಗಿ ಬರೆದ ಬರಹ, ಅಂಟಿಸಿದ ಫೋಟೋ. ನಮ್ಮ ಮಕ್ಕಳು ಅದರ ಎತ್ತರ 36 ಅಡಿ ಅಂತ ಗೀಚಿಕೊಂಡು ಮುಂದಿನ ಉತ್ತರಕ್ಕೆ ಓಡಿದರು. ನನಗೆ ತಡೆಯಲಿಲ್ಲ. ಆರೂ ಶೀಟು ಇಸಿದುಕೊಂಡು ಬ್ಯಾಗಿಗೆ ತುರುಕಿದೆ. ಟೀಚರ್ ಮುಖ ಸ್ವಲ್ಪ ಗಂಟಾಯಿತು, ಇರಲಿ.

ಆಮೇಲೆ ಮಕ್ಕಳು ನಿಧಾನವಾದರು. ಒಂದು ದೊಡ್ಡ ಗೋಡೆಗೆ 2,983 ನೀಲಿ ಹಾಳೆ ಹಾಕಿದ್ದಾರೆ. ಸತ್ತವರಿಗೆ ತಲಾ ಒಂದು, 1993ರಲ್ಲಿ ಇದೇ ಜಾಗದಲ್ಲಿ ಆದ ಬಾಂಬ್ ಸ್ಫೋಟದಲ್ಲಿ ಸತ್ತ ಆರು ಜನವೂ ಸೇರಿ. ಆ ದಿನದ ಆಕಾಶದ ಬಣ್ಣ ನೆನಪು ಮಾಡಿಕೊಳ್ಳುತ್ತಾ ಸ್ಪೆನ್ಸರ್ ಫಿಂಚ್ ಎಂಬ ಕಲಾವಿದ ಬಿಡಿಸಿದ್ದು. ಒಂದರ ನೀಲಿ ಇನ್ನೊಂದಕ್ಕಿಲ್ಲ. ಒಬ್ಬ ಹುಡುಗ ಒಂದೇ ಥರದ ಎರಡು ಹುಡುಕುತ್ತೇನೆ ಅಂತ ನಿಂತವನು ಹತ್ತು ನಿಮಿಷ ಅಲ್ಲಾಡಲಿಲ್ಲ.

ಆ ದಿನದ ಘಟನೆಗಳ ಪ್ರದರ್ಶನ ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಸರಿಹೋಗದೇ ಇರಬಹುದು ಅಂತ ಮ್ಯೂಸಿಯಂನವರೇ ಹೇಳುತ್ತಾರೆ. ತೀರಾ ಕಷ್ಟದ ಚಿತ್ರಗಳನ್ನು ಮರೆಯಲ್ಲಿಟ್ಟು ಮುಂಚೆಯೇ ಎಚ್ಚರಿಕೆ ಬರೆದಿದ್ದಾರೆ. ಇದು ನನಗೆ ತುಂಬಾ ಹಿಡಿಸಿತು. ನಮ್ಮಲ್ಲಿ ಒಬ್ಬಳು ನಾನು ಬರಲ್ಲ ಆಂಟಿ ಅಂದಳು. ಬಲವಂತ ಮಾಡಲಿಲ್ಲ, ಇಬ್ಬರೂ ಹೊರಗೇ ಕೂತೆವು. ಅವಳು ನೀರು ಕುಡಿದಳು, ನನ್ನ ಬಳೆ ಎಣಿಸಿದಳು.

ಹೊರಗಿನ ಕೊಳಗಳನ್ನು ಮಾತ್ರ ತಪ್ಪಿಸಲೇಬೇಡಿ. ಅವಳಿ ಕಟ್ಟಡಗಳಿದ್ದ ಜಾಗದಲ್ಲೇ ಎರಡು ಕೊಳ, ಸುತ್ತಲೂ ಕಂಚಿನ ಹಲಗೆಯಲ್ಲಿ ಕೊರೆದ ಹೆಸರುಗಳು. ಅಕಾರಾದಿಯಾಗಿ ಜೋಡಿಸಿಲ್ಲ. ಒಟ್ಟಿಗೆ ಕೆಲಸ ಮಾಡಿದವರು, ಸ್ನೇಹಿತರು, ಅಣ್ಣ ತಮ್ಮಂದಿರು ಅಕ್ಕಪಕ್ಕ ಇದ್ದಾರೆ. ಮನೆಯವರನ್ನು ಕೇಳಿ ಹಾಗೆ ಮಾಡಿದ್ದಂತೆ. ಅಕ್ಷರಗಳ ಒಳಗೆ ಬೆರಳು ಹೋಗುತ್ತದೆ. ಮಗಳು ಒಂದು ಹೆಸರಿನ ಮೇಲೆ ಬೆರಳಾಡಿಸುತ್ತಾ ಹೋದಳು. ಕೊನೆಗೆ ‘ಮತ್ತು ಅವಳ ಹುಟ್ಟದ ಮಗು’ ಅಂತಿತ್ತು. ಬೆರಳು ಅಲ್ಲೇ ನಿಂತಿತು. ನಾನೂ ಏನೂ ಹೇಳಲಿಲ್ಲ. ನೀರಿನ ಸದ್ದು ಜೋರು, ಅದೇ ಒಳ್ಳೆಯದಾಯಿತು.

ಪಕ್ಕದಲ್ಲೇ ಒಂದು ಪಿಯರ್ ಮರ ಇದೆ. ಅವಶೇಷಗಳಡಿ ಸುಟ್ಟು ಮುರಿದು ಬಿದ್ದಿದ್ದನ್ನು ಬ್ರಾಂಕ್ಸ್‌ನಲ್ಲಿ ಆರೈಕೆ ಮಾಡಿ 2010ರಲ್ಲಿ ವಾಪಸ್ ತಂದು ನೆಟ್ಟರು. 2013ರಿಂದ ಅದರ ಸಸಿಗಳನ್ನು ದುರಂತ ಕಂಡ ಬೇರೆ ಊರುಗಳಿಗೆ ಕೊಡುತ್ತಿದ್ದಾರೆ. ಕ್ವೀನ್ಸ್‌ನ ಜಾನ್ ಬೌನ್ ಹೈಸ್ಕೂಲ್ ಮಕ್ಕಳೂ ಈ ಸಸಿ ಬೆಳೆಸುವ ಕೆಲಸಕ್ಕೆ ಕೈ ಜೋಡಿಸಿದ್ದಾರೆ. ನಮ್ಮ ಶಾಲೆಯೂ ಹೀಗೆ ಮಕ್ಕಳ ಕೈಗೆ ಒಂದಿಷ್ಟು ಮಣ್ಣು ಕೊಡಬಾರದಾ ಅನಿಸಿತು. ಇಪ್ಪತ್ತು ಪ್ರಶ್ನೆಗಿಂತ ವಾಸಿ ಅಲ್ವಾ?

ನ್ಯೂಯಾರ್ಕಿಗೆ ಹೋಗಲು ಆಗದ ಶಾಲೆಗಳಿಗಾಗಿ ಪ್ರತಿ ಸೆಪ್ಟೆಂಬರಿನಲ್ಲಿ ಮ್ಯೂಸಿಯಂ ಉಚಿತ ಆನ್‌ಲೈನ್ ಕಾರ್ಯಕ್ರಮ ಮಾಡುತ್ತದೆ. ಆ ದಿನ ಅಲ್ಲಿದ್ದವರೇ ಮಾತಾಡುತ್ತಾರೆ. ಚೆನ್ನಾಗಿದೆ. ಆದರೆ ನೋಡಿದ ತಕ್ಷಣ ಗಣಿತ ಶುರು ಮಾಡಬೇಡಿ, ಮಗಳ ಕ್ಲಾಸಿನಲ್ಲಿ ಹಾಗೇ ಆಗಿತ್ತು. ಮಕ್ಕಳು ಮಾತಾಡಲಿ, ಇಲ್ಲಾ ಸುಮ್ನೆ ಕೂರಲಿ.

ಸತ್ತವರ ಹುಟ್ಟುಹಬ್ಬದ ದಿನ ಕೊಳದ ಸುತ್ತ ಕೊರೆದ ಅವರ ಹೆಸರಿಗೆ ಒಂದು ಬಿಳಿ ಗುಲಾಬಿ ಸಿಕ್ಕಿಸುತ್ತಾರೆ. ನಾವು ಹೋದ ದಿನವೂ ಅಲ್ಲಲ್ಲಿ ಇದ್ದವು. ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು: "ಅಮ್ಮಾ, ನನ್ನ ಬರ್ತ್‌ಡೇ ದಿನ ಯಾರ ಹೆಸರಲ್ಲಿ ಹೂವಿರುತ್ತೆ?"