ಹಳೇ ಚೈನ್ ಮಷೀನಿಗೆ ಡಬ್ಬಿ ಕೂರಿಸಿದರು: ಸಿಂಧನೂರಿನ ಬೋರ್ಡಿಲ್ಲದ ಶೆಡ್ಡಿನ ಕೆಲಸ ಹೇಗಿದೆ?

ಸಿಂಧನೂರಿನಲ್ಲಿ ಟ್ರ್ಯಾಲಿ ಕಟ್ಟುವ, ಕಬ್ಬಿಣದ ಗಾಲಿ ಮಾಡುವ, ರೋಟಾವೇಟರ್ ರಿಪೇರಿ ಮಾಡುವ ಶೆಡ್‌ಗಳಿಗೆ ಬರವಿಲ್ಲ. ಅದರಲ್ಲಿ ಒಂದು ಶೆಡ್ಡಿನವರು ನಮ್ಮ ಹಳೇ ಚೈನ್ ಹಾರ್ವೆಸ್ಟರನ್ನು (ಟೈರಿನ ಬದಲು ಚೈನ್ ಪಟ್ಟಿಯ ಮೇಲೆ ಓಡುವ ಕೊಯ್ಲು ಮಷೀನು) ಬಿಚ್ಚಿ, ಮೇಲೆ ಭತ್ತ ತುಂಬುವ ಡಬ್ಬಿ ಕೂರಿಸಿ, ಗದ್ದೆಯಿಂದ ರಸ್ತೆಗೆ ಭತ್ತ ಸಾಗಿಸುವ ಗಾಡಿ ಮಾಡಿಕೊಟ್ಟರು. ಒಂದು ಸುಗ್ಗಿ ಪೂರ್ತಿ ದುಡಿಸಿ ಆಯ್ತು. ಈಗ ಬರೆಯಬಹುದು. ಶೆಡ್ಡಿಗೆ ಬೋರ್ಡಿಲ್ಲ. ಹೆಸರು ಹಾಕಲೇ ಅಂತ ಮೇಸ್ತ್ರಿಯನ್ನು ಕೇಳಿದೆ. “ಬ್ಯಾಡ್ರೀ ಗೌಡ್ರ, ಇದ್ದ ಕೆಲಸಾನ ಮುಗಿಸಾಕ ಆಗವಲ್ದು” ಅಂದರು. ಹೆಸರಿಲ್ಲದೆ ಎಂಥ ರಿವ್ಯೂ ಅನ್ನಬೇಡಿ. ಈ ಕೆಲಸದಲ್ಲಿ ಏನು ನೋಡಬೇಕು ಅಂತ ಗೊತ್ತಿದ್ದರೆ, ಯಾರ ಹತ್ತಿರ ಮಾಡಿಸಿದರೂ ಉಪಯೋಗಕ್ಕೆ ಬರುತ್ತದೆ.

ನಮ್ಮ ಹೊಲ ಇರೋದು ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ. ಕರಿ ಎರೆ ಮಣ್ಣು. ಮೇಲಿನವರು ನೀರು ಕಟ್ಟಿದಷ್ಟೂ ಕೆಳಗಿನ ಗದ್ದೆ ಜೌಗು ಹಿಡಿಯುತ್ತದೆ. ಸವಳು-ಜವಳು ಅಂತ ಸರ್ಕಾರಿ ಕಾಗದದಲ್ಲಿ ಬರೆಯುತ್ತಾರಲ್ವಾ, ಅದೇ. ಸೋನಾ ಮಸೂರಿ ಕೊಯ್ಲಿಗೆ ಬಂದಾಗ ಒಂದು ಮಳೆ ಬಿದ್ದರೆ ಮುಗೀತು. ಚೈನ್ ಮಷೀನು ಆರಾಮಾಗಿ ಇಳಿದು ಕೊಯ್ಯುತ್ತದೆ. ಕೊಯ್ದ ಭತ್ತವನ್ನು ರಸ್ತೆಗೆ ತರೋದೇ ತಲೆನೋವು. ಟ್ರ್ಯಾಲಿ ಇಳಿಸಿದರೆ ಹೂತುಕೊಳ್ಳುತ್ತದೆ. ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್, ಅದೂ ಹೂತರೆ ಜೆಸಿಬಿ. ಕಬ್ಬಿಣದ ಗಾಲಿ ಹಾಕಿದರೆ ಕೆಸರಲ್ಲಿ ನಡೆಯುತ್ತದೆ ನಿಜ, ಆದರೆ ಡಾಂಬರು ಹತ್ತಿಸಿದರೆ ರಸ್ತೆ ಕಿತ್ತುಬರುತ್ತದೆ, ಊರವರ ಬೈಗುಳ ಬೇರೆ. ಇನ್ನು 75 ಕೆಜಿ ಚೀಲ ಹೊತ್ತು ಮೊಣಕಾಲುದ್ದ ಕೆಸರು ದಾಟೋಕೆ ಹಮಾಲರು ಈಗ ಒಪ್ಪಲ್ಲ. ಒಪ್ಪಬಾರದು ಕೂಡ.

ಹಾರ್ವೆಸ್ಟರ್ ಹಳೇದಾಯಿತು. ಡ್ರಮ್ಮು, ಜರಡಿ, ಎಲಿವೇಟರ್ ಎಲ್ಲಾ ಸವೆದು, ಕಾಳು ಹೊಟ್ಟಿನ ಜೊತೆ ಹಿಂದಕ್ಕೆ ಹೋಗುತ್ತಿತ್ತು. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳಿದರು. ಆದರೆ ಇಂಜಿನ್ ಗಟ್ಟಿ ಇತ್ತು, ಗೇರು, ಕೆಳಗಿನ ಫ್ರೇಮು ಗಟ್ಟಿ ಇದ್ದವು. ಮಾರೋಕೆ ಮನಸ್ಸು ಬರಲಿಲ್ಲ.

ಐಡಿಯಾ ಸಿಕ್ಕಿದ್ದು ಮೊಬೈಲ್ ನೋಡುತ್ತಾ. ಕೆನಡಾದ ಉತ್ತರದಲ್ಲಿ ಹಳೇ ಹಿಮದ ಗಾಡಿಗಳನ್ನು ಬಿಚ್ಚಿ, ಹಿಂದೆ ಡೆಕ್ ಕೂರಿಸಿ, ಕಟ್ಟಿಗೆ, ಡೀಸೆಲ್ ಡ್ರಮ್ಮು ಹೇರುತ್ತಾರೆ. ಆ ಗಾಡಿಗಳಲ್ಲಿ ದೊಡ್ಡ ಹೆಸರು ಬೊಂಬಾರ್ಡಿಯರ್. ದಿಲ್ಲಿ ಮೆಟ್ರೋ ಬೋಗಿ ಮಾಡಿತ್ತಲ್ಲ, ಆ ಹೆಸರೇ. ಕ್ವಿಬೆಕ್‌ನ ವಾಲ್‌ಕೂರ್ ಅನ್ನೋ ಸಣ್ಣ ಊರಿನ ಮೆಕ್ಯಾನಿಕ್ ಒಬ್ಬರು 1937ರಲ್ಲಿ ರಬ್ಬರ್ ಪಟ್ಟಿಯ ಚೈನಿಗೆ ಪೇಟೆಂಟ್ ಪಡೆದು, 1942ರಲ್ಲಿ ಹಿಮದ ಗಾಡಿಯ ಕಂಪನಿ ಕಟ್ಟಿದರು. 1953ರಲ್ಲಿ ಅದೇ ಕಂಪನಿ ಜೌಗು ನೆಲಕ್ಕೆ ಅಂತಲೇ ಮಸ್ಕೆಗ್ ಅನ್ನೋ ಚೈನ್ ಟ್ರ್ಯಾಕ್ಟರ್ ಮಾಡಿತು. ಹಿಮಕ್ಕೆ ಆಗೋದು ಕೆಸರಿಗೂ ಆಗುತ್ತದೆ ಅಂತ ಅಲ್ಲೇ ಗೊತ್ತಾಯಿತು. ಎಡ್ಮಂಡ್ ಹಿಲರಿ ಎವರೆಸ್ಟ್ ಹತ್ತಿದ್ದು ಎಲ್ಲರಿಗೂ ಗೊತ್ತು. ಅವರೇ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ್ದು ಫರ್ಗ್ಯೂಸನ್ ಟ್ರ್ಯಾಕ್ಟರಿಗೆ ಚೈನ್ ಸುತ್ತಿಸಿಕೊಂಡು. ನಮ್ಮೂರಲ್ಲಿ ಓಡಾಡುವ ಮ್ಯಾಸಿ ಫರ್ಗ್ಯೂಸನ್‌ನ ಹಿರಿಯಣ್ಣ ಅದು. ಈ ಮಾತು ಹೇಳಿದರೆ ನಮ್ಮ ಡ್ರೈವರ್ ಹುಡುಗ ಇವತ್ತಿಗೂ ನಂಬಲ್ಲ.

ಲೆಕ್ಕ ಸರಳ. ನಮ್ಮ ಚೈನಿನ ಅಗಲ 40 ಸೆಂಟಿಮೀಟರ್, ನೆಲಕ್ಕೆ ತಾಗುವ ಉದ್ದ 140. ಎರಡೂ ಚೈನ್ ಸೇರಿ 11,200 ಚದರ ಸೆಂಟಿಮೀಟರ್. ಬಿಚ್ಚಿದ ಮೇಲೆ ಗಾಡಿಯ ತೂಕ ಡಬ್ಬಿ ಸೇರಿ 2 ಟನ್ ಆಸುಪಾಸು. 20 ಚೀಲದಷ್ಟು ಭತ್ತ ಅಂದರೆ ಇನ್ನೊಂದೂವರೆ ಟನ್. ಭಾಗಿಸಿದರೆ ಚದರ ಸೆಂಟಿಮೀಟರಿಗೆ 0.31 ಕೆಜಿ. 70 ಕೆಜಿ ಮನುಷ್ಯ ಒಂಟಿಕಾಲಲ್ಲಿ ನಿಂತರೂ ಹೆಚ್ಚುಕಡಿಮೆ ಇಷ್ಟೇ ಬೀಳುತ್ತದೆ. ಟೈರಿನದು ಬೇರೆ ಕಥೆ. ಟೈರು ನೆಲಕ್ಕೆ ಕೊಡುವ ಒತ್ತಡ ಸುಮಾರಾಗಿ ಒಳಗಿನ ಗಾಳಿಯಷ್ಟೇ ಇರುತ್ತದೆ. 40 ಪೌಂಡ್ ಗಾಳಿ ಅಂದರೂ ಚದರ ಸೆಂಟಿಮೀಟರಿಗೆ 2.8 ಕೆಜಿ. ಒಂಬತ್ತು ಪಟ್ಟು! ಹೂಳದೆ ಇನ್ನೇನಾಗುತ್ತದೆ?

ಈಗ ಮೇಸ್ತ್ರಿ ವಿಷಯಕ್ಕೆ ಬರೋಣ. ಬೇರೆ ಕಡೆ ಹೋದಾಗ ಮೊದಲ ಪ್ರಶ್ನೆ “ಎಷ್ಟ್ ಚೀಲ ಹಿಡಿಬೇಕ್ರಿ?” ಈತ ಕೇಳಿದ್ದು “ನಿಮ್ಮ ಬದು ಎಷ್ಟ್ ಎತ್ತರ ಅದಾವ್ರೀ?” ಅಲ್ಲೇ ನನಗೆ ನಂಬಿಕೆ ಬಂತು. ಚೈನ್ ಗಾಡಿ ಸಪಾಟು ಕೆಸರಲ್ಲಿ ಯಾರು ಮಾಡಿದರೂ ಓಡುತ್ತದೆ. ಸೋಲೋದು ಬದು ಹತ್ತುವಾಗ. ಮುಂದೆ ಇದ್ದ ಕಟರ್ ಬಾರ್, ರೀಲು ಬಿಚ್ಚಿದರೆ ಮೂತಿ ಹಗುರಾಗುತ್ತದೆ. ಜಾಗ ಇದೆ ಅಂತ ಡಬ್ಬಿಯನ್ನು ಹಿಂದಕ್ಕೆ ತಳ್ಳಿ ಕೂರಿಸಿದರೆ, ಲೋಡ್ ಹಾಕಿ ಬದು ಏರುವಾಗ ಮೂತಿ ಮೇಲಕ್ಕೇಳುತ್ತದೆ. “ಲೋಡ್ ಹಿಂದ ಹೋತಂದ್ರ ಕುದುರಿ ಎದ್ದಂಗ ಏಳ್ತೈತ್ರಿ, ಡ್ರೈವರ್ ಕೆಳಗ” ಅಂತ ಕೈ ಮಾಡಿ ತೋರಿಸಿದರು.

ಆಮೇಲೆ ಮಾಡಿದ ಕೆಲಸ ನೋಡಬೇಕಿತ್ತು. ವೆಲ್ಡಿಂಗ್ ಮುಟ್ಟುವ ಮುಂಚೆ ಬಿಚ್ಚಿದ ಫ್ರೇಮನ್ನು ಒಂದು ದಪ್ಪ ಪೈಪಿನ ಮೇಲೆ ಹತ್ತಿಸಿದರು. ಹಿಂದೆ ಮುಂದೆ ಸರಿಸುತ್ತಾ, ಎಲ್ಲಿ ತಕ್ಕಡಿಗೆ ನಿಲ್ಲುತ್ತದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ಚೈನಿನ ನಡುವಿಗೆ ಇನ್ನೊಂದು ಗೆರೆ. ಎರಡೂ ಗೆರೆ ನಡುವೆ ಒಂದು ಗೇಣು ವ್ಯತ್ಯಾಸ ಇತ್ತು, ಇಂಜಿನ್ ಭಾರ ಹಿಂದಿತ್ತು. ಅದಕ್ಕೆ ಡಬ್ಬಿಯ ನಡುಭಾಗ ಚೈನಿನ ನಡುವಿಗಿಂತ ಒಂದು ಗೇಣು ಮುಂದೆ ಬರುವಂತೆ ಕೂರಿಸಿದರು. ಬ್ಯಾಟರಿಯನ್ನೂ ಹಿಂದಿನಿಂದ ಕಿತ್ತು ಮುಂದೆ ಹಾಕಿದರು. ಕಂಪ್ಯೂಟರ್ ಇಲ್ಲ, ಡ್ರಾಯಿಂಗ್ ಇಲ್ಲ. ಲೋಡ್ ಹಾಕಿ ನಮ್ಮ ಅತಿ ಎತ್ತರದ ಬದು ಹತ್ತಿಸಿದೆವು, ಮೂತಿ ಎದ್ದಿಲ್ಲ.

ಇನ್ನೊಂದು ಜಾಣತನ ಜ್ಯಾಕಿನದು. ಕಟರ್ ಎತ್ತುತ್ತಿದ್ದ ಹೈಡ್ರಾಲಿಕ್ ಜ್ಯಾಕನ್ನೇ ಡಬ್ಬಿ ಎತ್ತೋಕೆ ಬಳಸಿದರು. ಪಂಪು, ಲಿವರು, ಪೈಪು ಎಲ್ಲಾ ಹಳೇವೇ. ಅದು ಎತ್ತೋದಷ್ಟೇ ಮಾಡುವ ಜ್ಯಾಕು, ಇಳಿಯೋದು ತನ್ನ ಭಾರಕ್ಕೆ ತಾನೇ. ಟಿಪ್ಪರಿಗೂ ಅಷ್ಟೇ ಸಾಕಲ್ವಾ? ಹೊಸ ಜ್ಯಾಕು, ಹೊಸ ಪಂಪಿನ ಖರ್ಚು ಉಳೀತು. ಭತ್ತ ತಾಡಪತ್ರಿ ಮೇಲೆ ಸುರಿಯುತ್ತೇವೆ. ನಾಟಿ ಟೈಮಲ್ಲಿ ಅದೇ ಡಬ್ಬಿಯಲ್ಲಿ ಸಸಿ ಕಟ್ಟು, ಗೊಬ್ಬರದ ಚೀಲ ಹೋಗುತ್ತವೆ.

ಸರಿ, ಬೈಯೋದೂ ಇದೆ. ದಸರಾಕ್ಕೆ ಕೊಡ್ತೀನಿ ಅಂದವರು ದೀಪಾವಳಿ ದಾಟಿಸಿದರು. ಫೋನ್ ಎತ್ತಲ್ಲ. ಎದುರಿಗೆ ಹೋಗಿ ನಿಂತರೆ ಚಹಾ ತರಿಸುತ್ತಾರೆ, ಕೋಪ ಅಲ್ಲೇ ಇಳಿದುಹೋಗುತ್ತದೆ. ಇದೊಂದು ಟೆಕ್ನಿಕ್ ಅಂತ ನನ್ನ ಅನುಮಾನ.

ಡಬ್ಬಿಯ ಪಕ್ಕದ ತಗಡು ರೇಡಿಯೇಟರಿಗೆ ಅಡ್ಡ ಬಂದಿತ್ತು. ಮಧ್ಯಾಹ್ನ ಆಗುತ್ತಿದ್ದಂತೆ ಇಂಜಿನ್ ಹೀಟಿನ ಮುಳ್ಳು ಕೆಂಪಿಗೆ ಹೋಗೋದು. ಹೊಟ್ಟಿನ ಧೂಳು ಬೇರೆ ಗಾಳಿ ಕಟ್ಟುತ್ತಿತ್ತು. ವಾಪಸ್ ಒಯ್ದಾಗ ತಗಡು ಕತ್ತರಿಸಿ, ಕಳಚಿ ತೊಳೆಯುವಂಥ ಜಾಳಿಗೆ ಹಾಕಿಕೊಟ್ಟರು, ಕಾಸು ಕೇಳಲಿಲ್ಲ. ಹಿಂದಿನ ಬಾಗಿಲ ಸಂದಿಯಲ್ಲಿ ಕಾಳು ಸೋರುತ್ತಿತ್ತು. ಕಂಕರ್ ಹೇರುವ ಟ್ರ್ಯಾಲಿಯ ಬಾಗಿಲು ಅದು, ಭತ್ತಕ್ಕಲ್ಲ. ಕೊನೆಗೆ ನಾವೇ ಹಳೇ ಟ್ರ್ಯಾಕ್ಟರ್ ಟ್ಯೂಬು ಎರಡು ಬೆರಳಗಲ ಕತ್ತರಿಸಿ, ಪಟ್ಟಿ ಹಚ್ಚಿ ಬೋಲ್ಟು ಬಿಗಿದೆವು. ಈಗ ಒಂದು ಕಾಳು ಬೀಳಲ್ಲ. ಇಷ್ಟು ಸಣ್ಣ ಕೆಲಸ ಶೆಡ್ಡಿನಲ್ಲೇ ಮಾಡಬಹುದಿತ್ತು.

ಚೈನ್ ಕಳಚಿಕೊಳ್ಳೋದು ಮೇಸ್ತ್ರಿ ತಪ್ಪಲ್ಲ, ಡ್ರೈವರಿನದು. ಲೋಡ್ ಇದ್ದಾಗ ಬದುವಿನ ಮೇಲೆ ನಿಂತಲ್ಲೇ ತಿರುಗಿಸಿದರೆ ಯಾವ ಚೈನೂ ಉಳಿಯಲ್ಲ. ನೇರ ದಾಟಿಸಿ, ಸಪಾಟಿಗೆ ಬಂದು, ದೊಡ್ಡದಾಗಿ ಸುತ್ತು ಹಾಕಬೇಕು. ಬಿಗಿ ಕೂಡ ನೋಡುತ್ತಿರಬೇಕು. ಸಡಿಲಾದರೆ ಕಳಚುತ್ತದೆ, ಜಾಸ್ತಿ ಬಿಗಿದರೆ ರೋಲರ್ ಬೇರಿಂಗ್ ತಿನ್ನುತ್ತದೆ. ಸಂಜೆ ನಿಲ್ಲಿಸುವಾಗ ರೋಲರ್ ಸಂದಿಯ ಮಣ್ಣು ತೆಗೆಯಲೇಬೇಕು. ಎರೆ ಮಣ್ಣು ರಾತ್ರಿ ಒಣಗಿದರೆ ಬೆಳಿಗ್ಗೆ ಹಾರೆಯೇ ಗತಿ.

ಮಜೂರಿ, ಕಬ್ಬಿಣ ಸೇರಿ 85,000 ಆಯಿತು. ಹೊಸ ಚೈನ್ ಜೋಡಿಗೆ ಅದಕ್ಕಿಂತ ಜಾಸ್ತಿ ಬಿತ್ತು, ಅದು ಬೇರೆ. ಐದಾರು ಎಕರೆಯವರು ಈ ಗೋಜಿಗೆ ಹೋಗಬೇಡಿ, ಬಾಡಿಗೆಗೆ ತರಿಸಿಕೊಳ್ಳಿ. ಜೌಗಿಲ್ಲದ ಗದ್ದೆಗೂ ಇದು ಬೇಡ, ಟ್ರ್ಯಾಲಿಯೇ ಬೇಗ ಹೋಗುತ್ತದೆ. ಹಾರ್ವೆಸ್ಟರ್ ಇಟ್ಟುಕೊಂಡು ಬಾಡಿಗೆ ಹೊಡೆಯುವವರಿಗೆ ಮಾತ್ರ ಲೆಕ್ಕ ಕೂಡುತ್ತದೆ. ಕೊಯ್ಲಿನ ಜೊತೆ ಸಾಗಾಣಿಕೆಯೂ ನಿಮ್ಮದೇ ಆಗುತ್ತದೆ. ಒಂದು ಎಚ್ಚರ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. ಇದನ್ನು ರಸ್ತೆಯಲ್ಲಿ ಓಡಿಸೋಕೆ ಹೋಗಬೇಡಿ. ನಾವು ಊರಿಂದೂರಿಗೆ ಲಾರಿ ಮೇಲೆ ಹೇರಿಕೊಂಡೇ ಒಯ್ಯುತ್ತೇವೆ, ಗದ್ದೆಯಲ್ಲಿ ಮಾತ್ರ ಇಳಿಸುತ್ತೇವೆ.

ಮಾಡಿಸುವುದಿದ್ದರೆ ಬೇಸಿಗೆ ಬೆಳೆ ಮುಗಿದು ಮೇಸ್ತ್ರಿಗಳ ಕೈ ಖಾಲಿ ಇರುವಾಗ ಒಯ್ಯಿರಿ. ಬೇರಿಂಗು, ಆಯಿಲ್ ಸೀಲು ನೀವೇ ಕೊಂಡು ಕೊಡಿ, ಬಿಲ್ಲು ನಿಮ್ಮ ಹತ್ತಿರ ಇರಲಿ. ಹಿಂದಿನ ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸದೆ ಪೂರ್ತಿ ದುಡ್ಡು ಎಣಿಸಬೇಡಿ.