ಹೆಲ್ಮೆಟ್ ಒಳಗಿನ ಹಾಡು: ಜೇವರ್ಗಿ ರೋಡಿನಲ್ಲಿ ಹಾಕಿ ನೋಡಿದ್ದು

ನಾನು ಔಷಧ ಕಂಪನಿಯೊಂದರ ರೆಪ್. ಮನೆ ಕಲಬುರಗಿಯಲ್ಲಿ, ಕೆಲಸ ಸುತ್ತಲಿನ ತಾಲ್ಲೂಕುಗಳಲ್ಲಿ. ಸೋಮವಾರ ಆಳಂದ, ಮಂಗಳವಾರ ಜೇವರ್ಗಿ, ಗುರುವಾರ ಸೇಡಂ, ತಿಂಗಳಿಗೆ ಎರಡು ಸಲ ಹುಮನಾಬಾದ್. ಗಾಡಿ ಹಳೆಯ ಸ್ಪ್ಲೆಂಡರ್. ಹೋಗಿಬರುವುದು ಸೇರಿ ದಿನಕ್ಕೆ ಎರಡೂವರೆ, ಮೂರು ತಾಸು ಸೀಟಿನ ಮೇಲೆಯೇ. ಎಡಕ್ಕೂ ತೊಗರಿ, ಬಲಕ್ಕೂ ತೊಗರಿ, ಮುಂದೆ ನೆಟ್ಟಗೆ ರೋಡು. ಹಾಡಿಲ್ಲದೆ ಈ ದಾರಿ ಸವೆಯುವುದಿಲ್ಲ.

ಎರಡು ವರ್ಷದಲ್ಲಿ ಐದಾರು ಬಗೆಯ ಸಾಮಾನು ಕೊಂಡು, ಕೆಲವನ್ನು ಕಳೆದುಕೊಂಡು, ಒಂದನ್ನು ಮುರಿದುಕೊಂಡು ಒಂದು ಹದಕ್ಕೆ ಬಂದಿದ್ದೇನೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಲ್ಲ, ಅದಕ್ಕೆ ದಾರಿ ಒಂದೇ ಇಟ್ಟುಕೊಂಡೆ: ಊರಿನ ರಿಂಗ್ ರೋಡ್ ದಾಟಿ, ಫರಹತಾಬಾದ್ ಮೇಲಿಂದ, ಭೀಮಾ ನದಿಯ ಕಟ್ಟಿಸಂಗಾವಿ ಸೇತುವೆವರೆಗೆ. ವೇಗ 60ರಿಂದ 65. ಮುಖ ಪೂರ್ತಿ ಮುಚ್ಚುವ ಅದೇ ಹೆಲ್ಮೆಟ್. ಕೇಳಿದ್ದು ಮೂರೇ: ಏಕತಾರಿ ದಮ್ಮಡಿಯ ಒಂದು ತತ್ವಪದ, ಒಂದು ಖವ್ವಾಲಿ, ಒಂದು ಪ್ರವಚನ. ಅಳತೆಗೋಲು ನನ್ನ ಫೋನಿನ ವಾಲ್ಯೂಮ್, ಅದರಲ್ಲಿ 15 ಮೆಟ್ಟಿಲು. ಮನೆಯಲ್ಲಿ ಕುಳಿತು ಕೇಳಲು ನನಗೆ 4 ಸಾಕು. ರೋಡಿನಲ್ಲಿ ಎಷ್ಟಕ್ಕೆ ಏರಿಸಬೇಕಾಗುತ್ತದೆ ಅನ್ನುವುದೇ ಪರೀಕ್ಷೆ.

ಮೊದಲಿದ್ದದ್ದು ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ 150 ರೂಪಾಯಿಗೆ ತಂದ ವೈರಿನ ಇಯರ್‌ಫೋನ್. ಬೈಯಬೇಡಿ, ದನಿಯ ಮಟ್ಟಿಗೆ ಅದು ಕೆಟ್ಟದ್ದಲ್ಲ. ರಬ್ಬರ್ ಬುಗುಡಿ ಕಿವಿಯ ತೂತಿಗೆ ಸರಿಯಾಗಿ ಕೂತರೆ ಗಾಳಿಯ ಸದ್ದು ಅರ್ಧ ಕಡಿಮೆಯಾದಂತೆ ಅನಿಸುತ್ತದೆ, ವಾಲ್ಯೂಮ್ 9ರಲ್ಲೇ ಪ್ರವಚನದ ಮಾತು ತಿಳಿಯುತ್ತದೆ. ಚಾರ್ಜಿಂಗ್ ಗೊಡವೆ ಇಲ್ಲ. ಕಷ್ಟವಿರುವುದು ವೈರಿನಲ್ಲಿ. ಕತ್ತು ತಿರುಗಿಸಿ ಹಿಂದೆ ನೋಡಿದರೆ ಜಗ್ಗುತ್ತದೆ, ಹೆಲ್ಮೆಟ್ ಹಾಕುವಾಗ ಬುಗುಡಿ ಓರೆಯಾಗುತ್ತದೆ, ಹತ್ತು ಕಿಲೋಮೀಟರ್‌ಗೆ ಕಿವಿಯ ಅಂಚು ಉರಿಯಲು ಶುರು. ಊರೊಳಗೆ ಒಂದು ಸರ್ಕಲ್‌ನಲ್ಲಿ ಪೊಲೀಸರು ಕೈ ಅಡ್ಡ ಹಿಡಿದು, "ವೈರ್ ತೆಗೀರಿ ಮೊದಲ, ಹಿಂದಿಂದ ಲಾರಿ ಬಂದ್ರ ಕೇಳಸ್ತದೇನ್ರಿ?" ಅಂದರು. ಕಾನೂನು ಹೆಸರಿಟ್ಟು ಹೇಳುವುದು ಕೈಯಲ್ಲಿ ಹಿಡಿದ ಫೋನಿನ ವಿಷಯ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಅದು ಸ್ಪಷ್ಟವಾಗಿದೆ. ಆದರೂ ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ತೆಗೆದು ಜೇಬಿಗೆ ಹಾಕಿದೆ.

ನೆಕ್‌ಬ್ಯಾಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೈರಿನ ಅರ್ಧ ಕಷ್ಟ ಅದರಲ್ಲೂ ಉಂಟು. ಬೇಸಿಗೆಯಲ್ಲಿ ಕತ್ತಿನ ಬೆವರಿಗೆ ಅಂಟಿಕೊಳ್ಳುತ್ತದೆ, ಹೆಲ್ಮೆಟ್‌ನ ಹಿಂದಿನ ಅಂಚು ಅದಕ್ಕೆ ಬಡಿಯುತ್ತಾ ಟಕ್ ಟಕ್ ಅನ್ನುತ್ತದೆ.

ಆಮೇಲೆ ಎರಡು ಕಿವಿಗೆ ಬೇರೆ ಬೇರೆ ಇಡುವ ಇಯರ್‌ಬಡ್. ಸದ್ದು ಕತ್ತರಿಸುವ ತಂತ್ರ ಇದೆ ಅಂತ ಸ್ವಲ್ಪ ದುಡ್ಡು ಹೆಚ್ಚೇ ಕೊಟ್ಟೆ. ಬಸ್ಸಿನಲ್ಲಿ ಇದು ಬಂಗಾರ. ಎಂಜಿನ್ನಿನ ಗುಂಯ್ ಅನ್ನುವ ಒಂದೇ ಸಮದ ಸದ್ದನ್ನು ಅದರ ಮೈಕು ಕೇಳಿ, ಅದಕ್ಕೆ ಸರಿಯಾಗಿ ಉಲ್ಟಾ ಸದ್ದು ಹೊರಡಿಸಿ ಎರಡನ್ನೂ ಹೊಡೆದುಹಾಕುತ್ತದೆ. ಬೈಕಿನ ಮೇಲೆ ಈ ಲೆಕ್ಕ ತಪ್ಪುತ್ತದೆ. ಗಾಳಿ ಒಂದೇ ಸಮ ಇರುವುದಿಲ್ಲ. ಗಲ್ಲದ ಕೆಳಗಿಂದ ನುಗ್ಗಿ ಆ ಮೈಕಿಗೇ ಬಡಿದರೆ ಭರ್ರ್ ಭರ್ರ್ ಅಂತ ಹೊಸ ಸದ್ದೊಂದು ಹುಟ್ಟುತ್ತದೆ. ಎದುರಿಂದ ಲಾರಿ ಹಾದರೆ ಕಿವಿಯಲ್ಲಿ ಯಾರೋ ಬಟ್ಟೆ ಒಗೆದಂತೆ. ಆ ತಂತ್ರವನ್ನು ಬಂದ್ ಮಾಡಿ ಬರೀ ಬುಗುಡಿಯಾಗಿ ಬಳಸಿದಾಗಲೇ ಚೆನ್ನಾಗಿತ್ತು, ವಾಲ್ಯೂಮ್ 8. ಹೋಲಿಕೆಯಲ್ಲಿ ಇದೇ ಗೆಲ್ಲುತ್ತಿತ್ತೇನೋ. ಆದರೆ ಫರಹತಾಬಾದ್‌ನಲ್ಲಿ ಚಹಾಕ್ಕೆ ನಿಂತು ಹೆಲ್ಮೆಟ್ ಎಳೆದಾಗ ಬಲಗಡೆಯದು ಅದರ ಜೊತೆಗೇ ಬಂತು. ಟಣ್ ಅಂತ ಜಿಗಿದು ರೋಡಿಗೆ ಹೋಯಿತು. ನಾನು ಬಗ್ಗುವುದಕ್ಕೂ ಕಬ್ಬಿನ ಟ್ರ್ಯಾಕ್ಟರ್ ಬರುವುದಕ್ಕೂ ಸರಿಹೋಯಿತು. ಎಡಗಡೆಯದು ಇನ್ನೂ ಮನೆಯಲ್ಲಿದೆ, ಡಬ್ಬಿಯೊಳಗೆ, ಒಂಟಿಯಾಗಿ.

ಆ ಟ್ರ್ಯಾಕ್ಟರಿನ ಮಾತು ಬಂತು ಅಂತ ಹೇಳುತ್ತೇನೆ: ಹ್ಯಾಂಡಲ್‌ಗೆ ಕಟ್ಟುವ ಸ್ಪೀಕರನ್ನೂ ನಮ್ಮ ಮಾವನ ಮಗನಿಂದ ಎರವಲು ತಂದು ನೋಡಿದೆ. 40 ದಾಟಿದ ಮೇಲೆ ಹಾಡು ಹಿಂದಿನವರಿಗೆ, ಗಾಳಿ ನಮಗೆ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ಟ್ರ್ಯಾಕ್ಟರ್‌ನವರು ತಲೆಯ ಮೇಲೆ ಕಪಾಟಿನಷ್ಟು ದೊಡ್ಡ ಡಬ್ಬಾ ಕಟ್ಟಿಕೊಂಡು ಹೋಗುತ್ತಾರಲ್ಲ, ಅವರ ಪಕ್ಕ ನನ್ನದು ಜೀರುಂಡೆ. ಫೋನನ್ನೂ ಹ್ಯಾಂಡಲ್‌ಗೇ ಸಿಕ್ಕಿಸಿದ್ದೆ, ಮೇ ತಿಂಗಳ ಬಿಸಿಲಿಗೆ ಅದು ಕಾದು ತಾನೇ ಬಂದ್ ಆಯಿತು. ಬೈಕಿನ ನಡುಕ ಫೋನಿನ ಕ್ಯಾಮೆರಾಕ್ಕೂ ಒಳ್ಳೆಯದಲ್ಲ, ಹಾಗಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು. ಈಗ ಫೋನು ಬ್ಯಾಗಿನಲ್ಲಿ.

ಇಷ್ಟರಲ್ಲಿ ಒಂದು ಘಟನೆ ನಡೆಯಿತು. ಹುಮನಾಬಾದ್‌ಗೆ ಹೋದ ದಿನ, ವಾಲ್ಯೂಮ್ 13ರಲ್ಲಿ ಖವ್ವಾಲಿ ಕೇಳುತ್ತಾ ಕಮಲಾಪುರ ದಾಟಿ ಹೋಗಿ ಡಾಕ್ಟರ ಮುಂದೆ ಕುಳಿತೆ. ಅವರ ತುಟಿ ಆಡುತ್ತಿದೆ, ಮಾತು ಹತ್ತಿಯೊಳಗಿಂದ ಬಂದಂತಿದೆ, ಕಿವಿಯಲ್ಲಿ ಸಣ್ಣಗೆ ಕುಂಯ್ ಅನ್ನುವ ಸದ್ದು. ಎರಡು ಸಲ "ಏನಂದ್ರಿ ಸರ್?" ಅಂದೆ. ಮೂರನೆಯ ಸಲ ಅವರೇ ಪೆನ್ನು ಕೆಳಗಿಟ್ಟು, "ಕಿವಿಗಿ ಏನ್ ಮಾಡ್ಕೊಂಡೀರಿ? ಇದಕ್ಕ ನಿಮ್ಮ ಕಂಪನಿ ಗುಳಗಿನೂ ಇಲ್ಲ, ಯಾರ ಗುಳಗಿನೂ ಇಲ್ಲ" ಅಂದರು. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ ಅಂತ ಬಿಡಿಸಿ ಹೇಳಿದರು. 85 ಡೆಸಿಬಲ್ ಸದ್ದಿನಲ್ಲಿ 8 ತಾಸು ಇರಬಹುದಂತೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಸಮಯ ಅರ್ಧವಾಗುತ್ತಾ ಹೋಗುತ್ತದೆ: 88ಕ್ಕೆ 4 ತಾಸು, 94ಕ್ಕೆ 1 ತಾಸು, 100ಕ್ಕೆ ಕಾಲು ತಾಸು. ಹೆಲ್ಮೆಟ್ ಒಳಗೆ ಹೈವೇ ವೇಗದಲ್ಲಿ ಬರೀ ಗಾಳಿಯದೇ ಸದ್ದು 90 ದಾಟುತ್ತದೆ. ಹಾಡು ಕೇಳಬೇಕೆಂದರೆ ಅದರ ಮೇಲೆ ಏರಿಸಬೇಕು. ಅಲ್ಲಿಯವರೆಗೆ ನಾನು ಒಂದು ಇಯರ್‌ಫೋನಿಗೂ ಇನ್ನೊಂದಕ್ಕೂ ಜಗಳ ಹಚ್ಚುತ್ತಿದ್ದೆ. ಅವತ್ತು ಗೊತ್ತಾಯಿತು, ಜಗಳ ಇರುವುದು ಗಾಳಿಯ ಜೊತೆ.

ಗಾಳಿ ಕಡಿಮೆ ಮಾಡುವ ಮೊದಲ ಉಪಾಯ ಪುಕ್ಕಟೆ ಸಿಕ್ಕಿತು. ಬಿಸಿಲಿಗೆ ನಾವೆಲ್ಲ ಕತ್ತು ಮುಖಕ್ಕೆ ಸುತ್ತಿಕೊಳ್ಳುವ ಹತ್ತಿ ಬಟ್ಟೆ ಇದೆಯಲ್ಲ, ಅದನ್ನು ಗಲ್ಲದ ಕೆಳಗೆ ದಪ್ಪಗೆ ತುಂಬಿಕೊಂಡರೆ ಹೆಲ್ಮೆಟ್‌ನ ಕೆಳಬಾಯಿ ಮುಚ್ಚಿದಂತಾಗುತ್ತದೆ. ವಾಲ್ಯೂಮ್ ಎರಡು ಮೆಟ್ಟಿಲು ಕೆಳಗಿಳಿಯಿತು. ಗಾಜು ಅರ್ಧ ತೆರೆದು ಓಡಿಸಿದರೆ ಮತ್ತೆ ಎರಡು ಮೇಲೆ. ಟೋಪಿಯಂಥ ಅರ್ಧ ಹೆಲ್ಮೆಟ್ ಹಾಕುವವರು ಈ ಬರಹವನ್ನು ಇಲ್ಲಿಗೇ ಬಿಡಬಹುದು, ಅದರೊಳಗೆ ಯಾವ ಸಾಮಾನೂ ಕೆಲಸ ಮಾಡುವುದಿಲ್ಲ. ಮಂಡೆಗೂ ಅದು ಒಳ್ಳೆಯದಲ್ಲ.

ಮೂಳೆಯ ಮೂಲಕ ಸದ್ದು ಮುಟ್ಟಿಸುವ ಹೆಡ್‌ಫೋನ್ ಬಗ್ಗೆ ಭಾಳ ಆಸೆಯಿತ್ತು. ಕಿವಿ ತೆರೆದೇ ಇರುತ್ತದೆ, ಹಾರ್ನ್ ಕೇಳುತ್ತದೆ, ಹಾಡೂ ಕೇಳುತ್ತದೆ ಅನ್ನುವುದು ಅದರ ಹೆಚ್ಚುಗಾರಿಕೆ. ನಮ್ಮೂರಿನ ಅಪ್ಪನ ಕೆರೆಯ ದಂಡೆಯ ಮೇಲೆ ಬೆಳಿಗ್ಗೆ ವಾಕಿಂಗ್‌ಗೆ ಇದಕ್ಕಿಂತ ಚೆಂದದ್ದಿಲ್ಲ. ಗಾಡಿ ಮೇಲೆ ಕಿವಿ ತೆರೆದಿದೆ ಅಂದರೆ ಗಾಳಿಗೂ ತೆರೆದಿದೆ ಅಂತಲೇ ಅರ್ಥ. ಮೊದಲೇ ಇದರಲ್ಲಿ ಕೆಳಗಿನ ಸ್ವರ ತೆಳು. 60ರ ವೇಗದಲ್ಲಿ ತತ್ವಪದದ ಏಕತಾರಿ ಪೂರ್ತಿ ಮಾಯ, ಹಾಡುವವರ ದನಿ ದೂರದ ಹೊಲದಿಂದ ಕರೆದಂತೆ, ದಮ್ಮಡಿಯ ಗೆಜ್ಜೆ ಮಾತ್ರ ಛಿಲ್ ಛಿಲ್. ಹೆಲ್ಮೆಟ್ ಒತ್ತಿ ಕೆನ್ನೆಮೂಳೆಯ ಮೇಲೆ ಕೆಂಪು ಗುರುತು. ಒಂದು ದಿನ ಹೆಲ್ಮೆಟ್ ಎಳೆಯುವಾಗ ಹಿಂದಿನ ಪಟ್ಟಿ ಸೀಳಿತು. ಮುರಿದದ್ದು ಅಂತ ಮೇಲೆ ಹೇಳಿದ್ದು ಇದನ್ನೇ.

ಉಳಿದದ್ದು ಹೆಲ್ಮೆಟ್ ಒಳಗೇ ಕೂರಿಸುವ ಬ್ಲೂಟೂತ್ ಸ್ಪೀಕರ್. ಎರಡು ಚಪ್ಪಟೆ ಬಿಲ್ಲೆ, 40 ಮಿಲಿಮೀಟರ್ ಅಗಲ, ಹೊರಗೆ ಒಂದು ಗುಂಡಿಯ ಡಬ್ಬಿ. ಹಾಕಿದ ಮೊದಲ ವಾರ ದುಡ್ಡು ನೀರಿಗೆ ಹೋಯಿತು ಅಂದುಕೊಂಡೆ. ಹಾಡು ಪಕ್ಕದ ಮನೆಯಲ್ಲಿ ಹಚ್ಚಿದಂತಿತ್ತು. ತಪ್ಪು ಸ್ಪೀಕರಿನದಲ್ಲ, ಜಾಗದ್ದು. ಕಿವಿಯ ತೂತಿಗೆ ಎದುರಾಗಿ ಇರಬೇಕಾದದ್ದು ಎರಡು ಬೆರಳು ಹಿಂದಿತ್ತು. ಹೆಲ್ಮೆಟ್ ಹಾಕಿದ ಮೇಲೆ ಕಿವಿ ಎಲ್ಲಿ ಬರುತ್ತದೆ ಅಂತ ಒಳಗೆ ಇಣುಕಲು ಬರುವುದಿಲ್ಲವಲ್ಲ. ದೇವರ ಜಗುಲಿಯ ಮೇಲಿನ ವಿಭೂತಿ ನೆನಪಾಯಿತು. ಎರಡೂ ಕಿವಿಗೆ ಒದ್ದೆ ವಿಭೂತಿ ಹಚ್ಚಿಕೊಂಡು, ಹೆಲ್ಮೆಟ್ ಹಾಕಿ ಹುಷಾರಾಗಿ ತೆಗೆದೆ. ಒಳಗಿನ ಕಪ್ಪು ಬಟ್ಟೆಯ ಮೇಲೆ ಬಿಳಿ ಬಿಳಿಯಾಗಿ ಕಿವಿಯ ಅಚ್ಚು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹಣಿಗಿ ಹಚ್ಕೋಳೋದು ಬಿಟ್ಟು ಕಿವಿಗಿ ಹಚ್ಕೋಲತ್ತಿಯೇನೋ ತಮ್ಮಾ?" ಅಂದಳು. ಅಚ್ಚಿನ ನಡುವಿಗೆ ಸರಿಯಾಗಿ ಬಿಲ್ಲೆ ಅಂಟಿಸಿದೆ. ಬಿಲ್ಲೆ ಕಿವಿಗೆ ಒತ್ತಬಾರದು, ದೂರವೂ ಇರಬಾರದು, ತಾಗಿಯೂ ತಾಗದಂತೆ ಇರಬೇಕು. ಜಾಗ ಸಾಲದಿದ್ದರೆ ಒಳಗಿನ ಥರ್ಮಾಕೋಲನ್ನು ಮಾತ್ರ ಕೆರೆಯಬೇಡಿ, ಬಿದ್ದಾಗ ತಲೆ ಉಳಿಸುವುದು ಅದೇ. ಜಾಗ ಸರಿಯಾದದ್ದೇ 15ಕ್ಕೂ ಕೇಳದ ಪ್ರವಚನ 11ಕ್ಕೆ ಕೇಳಿತು.

ಆದರೆ 11 ಅಂದರೂ ಗಾಳಿಯ ಮೇಲೆ ಹಾಡು ಏರಿಸಿದ ಹಾಗೆಯೇ. ಈ ಗಂಟು ಬಿಡಿಸಿದವನು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಷಡ್ಡಕ. ಕಲ್ಲು ಪುಡಿ ಮಾಡುವ ಮಿಲ್ಲಿನ ಹತ್ತಿರ ಹೋಗುವವರಿಗೆ ಕೊಡುವ ಸ್ಪಂಜಿನ ಕಿವಿಬೆಣೆ (ಇಯರ್‌ಪ್ಲಗ್) ಒಂದು ಜೋಡಿ ನನ್ನ ಕೈಗಿಟ್ಟು, "ಇದು ಹಾಕ್ಕೊಂಡು ಅದನ್ನ ಹಚ್ಚಿ ನೋಡು" ಅಂದ. ನಕ್ಕುಬಿಟ್ಟೆ. ಕಿವಿ ಮುಚ್ಚಿಕೊಂಡು ಹಾಡು ಕೇಳುವುದೆಂದರೇನು! "ಮಿಲ್ ಬಾಜೂಕ ನಿಂತು ನಾವು ಇದನ್ನ ಹಾಕ್ಕೊಂಡೇ ಮಾತಾಡ್ತೀವಿ, ಹಾಕ್ಕೊಳದೇ ಇದ್ರ ಏನೂ ತಿಳಿಯಂಗಿಲ್ಲ" ಅಂದ.

ಬೆಣೆಯನ್ನು ಬೆರಳಲ್ಲಿ ಬತ್ತಿಯಂತೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಜಗ್ಗಿ ಹಿಡಿದು ಒಳಗಿಡಬೇಕು, ಅರ್ಧ ನಿಮಿಷ ಬೆರಳು ತೆಗೆಯಬಾರದು. ಅದು ಒಳಗೇ ಉಬ್ಬಿ ಕೂರುತ್ತದೆ. ಮಳಖೇಡದ ಕಾಗಿಣಾ ಸೇತುವೆ ದಾಟಿ ಸೇಡಂವರೆಗೆ ಓಡಿಸಿ ನೋಡಿದೆ. ಗಾಳಿ ಎಲ್ಲೋ ದೂರ ಹೋಯಿತು. ಸ್ಪೀಕರಿನ ವಾಲ್ಯೂಮ್ 14ಕ್ಕೆ ಇಟ್ಟಿದ್ದರೂ ಬೆಣೆ ದಾಟಿ ಕಿವಿ ಮುಟ್ಟುವುದು ಮೆತ್ತಗಿನ ಹಾಡು, ಮತ್ತು ಬಿಡಿ ಬಿಡಿಯಾಗಿ. ಗಾಳಿಯೂ ಹಾಡೂ ಎರಡೂ ಒಟ್ಟಿಗೇ ತಗ್ಗಿದರೂ ಮಾತು ಹೆಚ್ಚು ತಿಳಿಯುವುದು ಯಾಕೆಂದರೆ, ಗದ್ದಲ ಅತಿಯಾದಾಗ ಕಿವಿ ಒಂದರಿಂದ ಒಂದನ್ನು ಬೇರ್ಪಡಿಸಲಾರದೆ ಸೋಲುತ್ತದೆ. ತಗ್ಗಿಸಿ ಕೊಟ್ಟರೆ ಅದು ತನ್ನ ಕೆಲಸ ಮಾಡುತ್ತದೆ. ಏಕತಾರಿ ವಾಪಸ್ ಬಂತು. ಹಿಂದಿನಿಂದ ಬಸ್ ಹಾರ್ನ್ ಹೊಡೆದದ್ದೂ ಕೇಳಿತು, ಬೆಚ್ಚಿಬೀಳದ ಹಾಗೆ. ಸೇಡಂನಲ್ಲಿ ಇಳಿದು ಬೆಣೆ ತೆಗೆದರೆ ಕುಂಯ್ ಇಲ್ಲ. ಜೋಡಿಗೆ ಹತ್ತಿಪ್ಪತ್ತು ರೂಪಾಯಿ.

ಕೊರತೆ ಇಲ್ಲವೇ ಅಂದರೆ ಇದೆ. ಬೆವರಿಗೆ ಬೆಣೆ ಬೇಗ ಹೊಲಸಾಗುತ್ತದೆ, ಮಣ್ಣು ಕೈಯಲ್ಲಿ ಹೊಸೆದರೆ ಕಿವಿ ಕಡಿತ ಗ್ಯಾರಂಟಿ. ಗುಣುಗುಣು ಅನ್ನುವ ಸೂಕ್ಷ್ಮ ಸಂಗೀತ ಇದರಲ್ಲಿ ದಕ್ಕುವುದಿಲ್ಲ, ಆಲಾಪವನ್ನು ಮನೆಗೆ ಇಟ್ಟುಕೊಳ್ಳಿ. ಫೋನ್ ಬಂದರೆ ನಾನಂತೂ ಎತ್ತುವುದಿಲ್ಲ. ಊರೊಳಗೆ, ಜಗತ್ ಸರ್ಕಲ್‌ನಿಂದ ಸೂಪರ್ ಮಾರ್ಕೆಟ್‌ವರೆಗೆ, ಏನನ್ನೂ ಹಚ್ಚುವುದಿಲ್ಲ. ಆಟೋ ಯಾವ ಕಡೆಯಿಂದ ನುಗ್ಗುತ್ತದೆ ಅಂತ ಕಿವಿಯೇ ಹೇಳಬೇಕು. ದಿನಕ್ಕೆ ಹತ್ತು ಕಿಲೋಮೀಟರ್ ಊರಲ್ಲೇ ಓಡಾಡುವವರು ಇದಕ್ಕೆಲ್ಲ ದುಡ್ಡು ಹಾಕುವ ಜರೂರತ್ತೇ ಇಲ್ಲ. ಹೈವೇಯಲ್ಲಿ ವಾರಕ್ಕೊಮ್ಮೆ ಹೋಗುವವರಿಗೆ ರಬ್ಬರ್ ಬುಗುಡಿಯ ಇಯರ್‌ಬಡ್ಡೇ ಸಾಕು, ಹೆಲ್ಮೆಟ್ ತೆಗೆಯುವಾಗ ರೋಡಿನಿಂದ ಹತ್ತು ಹೆಜ್ಜೆ ಆಚೆ ನಿಲ್ಲಿ.

ಹೆಂಡತಿ ಹಿಂದೆ ಕುಳಿತ ದಿನದ ಲೆಕ್ಕವೇ ಬೇರೆ. ಗಾಣಗಾಪುರಕ್ಕೆ ಹೊರಟಾಗ ಅಭ್ಯಾಸಬಲದಿಂದ ಬೆಣೆ ಹಾಕಿಕೊಂಡಿದ್ದೆ. ಚೌಡಾಪುರದ ಹತ್ತಿರ ಬೆನ್ನಿಗೆ ಮೂರನೆಯ ಗುದ್ದು ಬಿದ್ದಾಗ ಗಾಡಿ ನಿಲ್ಲಿಸಿದೆ. "ಆಗಿಂದ ಒದರ್ಲತ್ತೀನಿ, ಕಾಯಿ ಕರ್ಪೂರದ ಚೀಲ ಮನ್ಯಾಗೇ ಉಳೀತ್ರಿ!"