ಹಸು ನೀರನ್ನು ನೆಕ್ಕುತ್ತಿದೆಯೇ? ತೊಟ್ಟಿಗೆ ಕರೆಂಟ್ ಬರುತ್ತಿರಬಹುದು

ಹೊಸ ಕೊಟ್ಟಿಗೆ, ತಗಡಿನ ತೊಟ್ಟಿ, ಫ್ಲೋಟ್ ವಾಲ್ವ್, ಸಂಪಿನಿಂದ ಜಿಐ ಪೈಪು, ಅರ್ಧ ಎಚ್‌ಪಿ ಮೋಟರು. ನೋಡಲು ಎಲ್ಲ ಅಚ್ಚುಕಟ್ಟು. ಆದರೆ ಹಸುಗಳು ಮೂತಿ ಅದ್ದಿ ಹೀರುವ ಬದಲು ನಾಯಿಯ ಹಾಗೆ ನೆಕ್ಕತೊಡಗಿದವು, ಮೂತಿ ತಾಗಿಸಿ ತಟ್ಟನೆ ಹಿಂದೆ ಸರಿದವು. 15 ಲೀಟರ್ ಹಾಲು ಕೊಡುವ ಹಸುವಿಗೆ ದಿನಕ್ಕೆ 60 ಲೀಟರಿನಷ್ಟಾದರೂ ನೀರು ಬೇಕು. ಅದು ಸಿಗದೆ ಹಾಲು ಇಳಿಯಿತು. ಹಿಂಡಿ ಬದಲಾಯಿಸಿದ್ದಾಯಿತು, ಜಂತುಹುಳದ ಔಷಧಿ ಕುಡಿಸಿದ್ದಾಯಿತು. ದೂರದಲ್ಲಿ ಪ್ಲಾಸ್ಟಿಕ್ ಬಕೆಟ್ ಇಟ್ಟರೆ ಅವೇ ಹಸುಗಳು ಗಟಗಟ ಕುಡಿದವು. ಆಗಲೇ ಗುಟ್ಟು ಗೊತ್ತಾದದ್ದು.

ಮೋಟರಿಗೆ ಹಾಕಿದ್ದು ಎರಡು ಪಿನ್ ಪ್ಲಗ್. ವೈಂಡಿಂಗ್‌ಗೆ ತೇವ ಹಿಡಿದು ಸೋರಿದ ಕರೆಂಟು ಅರ್ಥ್ ಇಲ್ಲದ ಕಾರಣ ಪೈಪ್ ಹಿಡಿದು ತೊಟ್ಟಿಗೆ ಬಂದಿತ್ತು. ಚಪ್ಪಲಿ ಹಾಕಿಕೊಂಡು ಒಣಗಿದ ಕೈಯಲ್ಲಿ ಮುಟ್ಟುವವರಿಗೆ ಇದು ತಿಳಿಯುವುದೇ ಇಲ್ಲ. ಹಸುವಿನದು ಒದ್ದೆ ಮೂತಿ, ಒದ್ದೆ ಕಾಂಕ್ರೀಟಿನ ಮೇಲೆ ಬರಿಗೊರಸು. ಅದರ ಮೈ ಒಡ್ಡುವ ತಡೆ ಸುಮಾರು 500 ಓಮ್ ಮಾತ್ರ, 3–4 ವೋಲ್ಟ್ ಇದ್ದರೂ ಬೆಚ್ಚುತ್ತದೆ.

ಪರೀಕ್ಷೆಗೆ ರಬ್ಬರ್ ಚಪ್ಪಲಿ ಬೇಕೇ ಬೇಕು. ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಮೊದಲು ಎಸಿ ವೋಲ್ಟಿನ ದೊಡ್ಡ ರೇಂಜಿಗಿಟ್ಟು ಅದರ ಒಂದು ತುದಿ ತೊಟ್ಟಿಗೆ, ಇನ್ನೊಂದು ತುದಿ ಹಸು ನಿಲ್ಲುವ ಒದ್ದೆ ನೆಲಕ್ಕೆ ತಾಗಿಸಿ. 10 ವೋಲ್ಟ್ ದಾಟಿದರೆ ಮೇನ್ ಆಫ್ ಮಾಡಿ, ಹಸುಗಳನ್ನು ದೂರ ಕಟ್ಟಿ, ಎಲೆಕ್ಟ್ರಿಷಿಯನ್ ಕರೆಸಿ. ಕಡಿಮೆಯಿದ್ದರೆ ಎರಡು ತುದಿಗಳ ನಡುವೆ 470 ಓಮ್ ರೆಸಿಸ್ಟರ್ ಸೇರಿಸಿ ಮತ್ತೆ ಅಳೆಯಿರಿ. ರೆಸಿಸ್ಟರ್ ಇಲ್ಲಿ ಹಸುವಿನ ಮೈಯ ಬದಲಿಗೆ ಇದ್ದ ಹಾಗೆ, ಹಸುವಿಗೆ ತಾಗುವುದು ಈ ಲೆಕ್ಕ. ಮೋಟರ್ ಆನ್, ಆಫ್ ಎರಡರಲ್ಲೂ ನೋಡಿ. ಆಫ್ ಆದಾಗಲೂ ವೋಲ್ಟ್ ಉಳಿದರೆ ಕಾರಣ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಅಥವಾ ಬೇರೆ ಯಂತ್ರ.

30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಟ್ರಿಪ್ ಆಗಿ ಲೈನ್ ಕಡಿಯುವ ಸ್ವಿಚ್ಚು) ಖಂಡಿತ ಹಾಕಿಸಿ, ಜೀವ ಉಳಿಸುವುದು ಅದೇ. ಆದರೆ ಅದೊಂದನ್ನೇ ನಂಬಬೇಡಿ: 4 ವೋಲ್ಟಿಗೆ ಹಸುವಿನ ಮೈಯಲ್ಲಿ ಹರಿಯುವುದು 8 ಮಿಲಿಆಂಪಿಯರ್, ಒಟ್ಟು ಸೋರಿಕೆ ಕಡಿಮೆಯಿದ್ದರೆ ಅದು ಟ್ರಿಪ್ ಆಗುವುದಿಲ್ಲ.

ಹೊಸದಾಗಿ ಕಟ್ಟುವವರು ನೆಲಕ್ಕೆ ಕಾಂಕ್ರೀಟ್ ಹಾಕುವ ಮೊದಲೇ ಹಸುವಿನ ನಾಲ್ಕೂ ಕಾಲು ನಿಲ್ಲುವಷ್ಟು ಜಾಗಕ್ಕೆ ಕಬ್ಬಿಣದ ಜಾಲರಿ ಹಾಸಿ, ಅದನ್ನು ತೊಟ್ಟಿ, ಪೈಪು, ಅರ್ಥ್ ಮೂರಕ್ಕೂ ಜಿಐ ಪಟ್ಟಿಯಿಂದ ಸೇರಿಸಿ. ನೆಲಕ್ಕೂ ತೊಟ್ಟಿಗೂ ವೋಲ್ಟೇಜ್ ಒಂದೇ ಆದರೆ ಹಸುವಿನ ಮೈಯಲ್ಲಿ ಕರೆಂಟ್ ಹರಿಯದು. ಕಾಂಕ್ರೀಟ್ ಬಿದ್ದ ಮೇಲೆ ಈ ಕೆಲಸಕ್ಕೆ ನೆಲ ಒಡೆಯಲೇಬೇಕು.